ಶೇಲ್ ತೈಲ ಅಭಿವೃದ್ಧಿ ಯೋಜನೆಗಳು ಮತ್ತು ಪರಿಸರ ಸಾರ್ವಜನಿಕ ಆಲಿಕೆ: ನಾಗರಿಕರಿಗೆ ಮಾಹಿತಿ

ಜೇಡಿಮಣ್ಣು ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ಪದರಪದರವಾಗಿ ರೂಪುಗೊಂಡ ಶಿಲೆಗೆ ಶೇಲ್ ಎಂದು ಹೆಸರು. ಇದರ ಸೂಕ್ಷ್ಮ ರಂಧ್ರಗಳಲ್ಲಿ ಸಿಲುಕಿರುವ ಕಚ್ಚಾ ತೈಲವು ತಾನಾಗಿ ಬಾವಿಗೆ ಹರಿದು ಬರುವುದಿಲ್ಲ. ಆದ್ದರಿಂದ ಬಾವಿಯನ್ನು ಆಳಕ್ಕೆ ಕೊರೆದು, ಅನಂತರ ಶಿಲಾಪದರದ ಉದ್ದಕ್ಕೂ ಅಡ್ಡಲಾಗಿ ಮುಂದುವರಿಸಿ, ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಅಧಿಕ ಒತ್ತಡದಲ್ಲಿ ಹಾಯಿಸಿ ಶಿಲೆಯನ್ನು ಬಿರಿಯಿಸಲಾಗುತ್ತದೆ.

2013ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ತೈಲ ಕಂಪನಿಗಳಿಗೆ ಶೇಲ್ ಅನ್ವೇಷಣೆಗೆ ಅವಕಾಶ ನೀಡಿತು. ಅದೇ ವರ್ಷ ಗುಜರಾತಿನ ಜಂಬೂಸರ್ ಬಳಿ ಒಎನ್‌ಜಿಸಿ ಬಾವಿ ಕೊರೆಯಲಾರಂಭಿಸಿತು. 1948ರ ತೈಲಕ್ಷೇತ್ರಗಳ ಕಾಯ್ದೆಗೆ 2025ರಲ್ಲಿ ಆದ ತಿದ್ದುಪಡಿಯು ಶೇಲ್ ತೈಲವನ್ನು ಸ್ಪಷ್ಟವಾಗಿ ತನ್ನ ವ್ಯಾಪ್ತಿಗೆ ತಂದಿದೆ. ಕರ್ನಾಟಕದಲ್ಲಿ ತೈಲ ಉತ್ಪಾದನೆ ಇಲ್ಲ. ಆದರೂ ಕೆಳಗೆ ವಿವರಿಸಿರುವ ಆಲಿಕೆಯ ಕ್ರಮವೇ ನಮ್ಮ ರಾಜ್ಯದ ದೊಡ್ಡ ಗಣಿ ಹಾಗೂ ಉಷ್ಣ ವಿದ್ಯುತ್ ಯೋಜನೆಗಳಿಗೂ ಅನ್ವಯಿಸುತ್ತದೆ.

ಶೇಲ್ ಬಾವಿಯ ಇಳುವರಿಯು ಮೊದಲ ಒಂದೆರಡು ವರ್ಷಗಳಲ್ಲಿಯೇ ತೀವ್ರವಾಗಿ ಕುಸಿಯುತ್ತದೆ. ಉತ್ಪಾದನೆಯ ಮಟ್ಟವನ್ನು ಕಾಯ್ದುಕೊಳ್ಳಲು ಹೊಸ ಬಾವಿಗಳನ್ನು ಒಂದರ ಹಿಂದೆ ಒಂದರಂತೆ ಕೊರೆಯುತ್ತಲೇ ಇರಬೇಕಾಗುತ್ತದೆ. ಒಂದೊಂದು ಬಾವಿಗೂ ಲಕ್ಷಾಂತರ, ಕೆಲವೆಡೆ ಕೋಟ್ಯಂತರ ಲೀಟರ್ ನೀರು ಬೇಕು. ಹಿಂದಿರುಗುವ ಲವಣಯುಕ್ತ ನೀರನ್ನು ಸಂಸ್ಕರಿಸಬೇಕು. ಹಳ್ಳಿಯ ರಸ್ತೆಯ ಮೇಲೆ ಲಾರಿಗಳ ಸಂಚಾರ ವರ್ಷಗಟ್ಟಲೆ ನಡೆಯುತ್ತದೆ. ಒಂದು ಬಾವಿಯನ್ನು ಮಾತ್ರ ನೋಡಿ ಯೋಜನೆಯನ್ನು ಅಳೆಯುವುದು ಸರಿಯಲ್ಲ.

ಕಾನೂನು ಇಲ್ಲಿ ಎರಡು ಹಂತಗಳನ್ನು ಬೇರ್ಪಡಿಸುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು. 14-09-2006ರ ಪರಿಸರ ಪರಿಣಾಮ ಅಧಿಸೂಚನೆಗೆ 2020ರ ಜನವರಿಯಲ್ಲಿ ತಂದ ತಿದ್ದುಪಡಿಯಂತೆ ಅನ್ವೇಷಣಾ ಹಂತಕ್ಕೆ ಸಾರ್ವಜನಿಕ ಆಲಿಕೆ ಇರುವುದಿಲ್ಲ. ಅಭಿವೃದ್ಧಿ ಮತ್ತು ಉತ್ಪಾದನೆಯ ಹಂತವು ‘ಎ’ ವರ್ಗದಲ್ಲಿಯೇ ಉಳಿದಿದ್ದು, ಗ್ರಾಮಸ್ಥರ ಮಾತು ಕಡತಕ್ಕೆ ಸೇರುವುದು ಈ ಹಂತದ ಆಲಿಕೆಯಲ್ಲಿ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನ ಮುಂಚಿತವಾಗಿ, ಪ್ರಾದೇಶಿಕ ಭಾಷೆಯ ಒಂದು ದಿನಪತ್ರಿಕೆಯೂ ಸೇರಿದಂತೆ, ಪ್ರಕಟಣೆ ಹೊರಡಿಸುತ್ತದೆ. ಕರಡು ವರದಿ ಹಾಗೂ ಸ್ಥಳೀಯ ಭಾಷೆಯಲ್ಲಿರುವ ಅದರ ಸಾರಾಂಶವನ್ನು ಜಿಲ್ಲಾಧಿಕಾರಿಗಳ ಕಛೇರಿ ಹಾಗೂ ಜಿಲ್ಲಾ ಪಂಚಾಯತಿಯಲ್ಲಿ ನೋಡಬಹುದು. ಸಭೆಗೆ ಬರಲಾಗದವರು ಲಿಖಿತ ಆಕ್ಷೇಪಣೆಯನ್ನು ಮಂಡಳಿಗೆ ಸಲ್ಲಿಸಬಹುದು. ಕೊಳವೆಬಾವಿಗಳ ಈಗಿನ ನೀರಿನ ಮಟ್ಟ, ಯೋಜನೆಗೆ ನೀರು ತರುವ ಮೂಲ, ಒಟ್ಟು ಬಾವಿಗಳ ಸಂಖ್ಯೆ, ಬಳಸಿದ ನೀರಿನ ವಿಲೇವಾರಿ: ಇವುಗಳನ್ನು ನೇರವಾಗಿ ಕೇಳಿದರೆ ಅರ್ಜಿದಾರ ಸಂಸ್ಥೆ ಉತ್ತರಿಸಬೇಕಾಗುತ್ತದೆ. ‘ಯೋಜನೆ ಬೇಡ’ ಎಂಬ ಒಂದೇ ಸಾಲಿನ ಮನವಿಗಿಂತ ಇಂತಹ ಪ್ರಶ್ನೆಗಳಿಗೆ ತೂಕ ಹೆಚ್ಚು.

ಸಭೆಯ ಕೊನೆಯಲ್ಲಿ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಲಾಗುತ್ತದೆ. ತಾವು ಹೇಳಿದ ಅಂಶ ಅದರಲ್ಲಿ ಬಿಟ್ಟುಹೋಗಿದ್ದಲ್ಲಿ ಆಗಲೇ ಅಧ್ಯಕ್ಷತೆ ವಹಿಸಿರುವ ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು.