ಆಫ್ರಿಕಾದ ಚರಿತ್ರೆಯನ್ನು ಓದುವ ಬಗೆ

ಪರದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಒಂದು ಅವಧಿಯ ಮಟ್ಟಿಗೆ ಓದಿ ಬರುವ ಪದ್ಧತಿ ಈಗ ನೇಸರಗಿ, ಬೈಲಹೊಂಗಲದಂಥ ಊರುಗಳ ಮನೆಗಳಿಗೂ ಅಪರಿಚಿತವಲ್ಲ. ಮಕ್ಕಳು ಇಂಗ್ಲೆಂಡಿಗೆ ಹೋಗುತ್ತೇನೆಂದರೆ ಹಿರಿಯರು ಖರ್ಚಿನ ಮಾತನ್ನಷ್ಟೇ ಎತ್ತುತ್ತಾರೆ. ಆಫ್ರಿಕಾಕ್ಕೆ ಹೋಗಿ ಅಲ್ಲಿಯ ಇತಿಹಾಸವನ್ನೂ ಸಂಸ್ಕೃತಿಯನ್ನೂ ಓದುತ್ತೇನೆಂದು ಒಬ್ಬ ಹುಡುಗಿ ಹೇಳಿದಳೆನ್ನಿ, ಆಗ ಬರುವ ಪ್ರಶ್ನೆ, “ಅಲ್ಲಿ ಓದೂವಂಥಾದ್ದು ಏನೈತಿ?” ಎಂಬುದು. ಕೇಳುಗರೇ, ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ಸ್ವಲ್ಪ ವಿಚಾರಿಸೋಣ.

ಘಾನಾ ದೇಶವು 1957ರಲ್ಲಿ ಸ್ವತಂತ್ರವಾಯಿತು. ರಾಜಧಾನಿ ಅಕ್ರಾದ ಮಗ್ಗುಲಿನ ಲೆಗಾನ್‌ನಲ್ಲಿರುವ ವಿಶ್ವವಿದ್ಯಾನಿಲಯದ ಆಫ್ರಿಕಾ ಅಧ್ಯಯನ ಸಂಸ್ಥೆಯನ್ನು 1963ರಲ್ಲಿ ಅಧ್ಯಕ್ಷ ಎನ್‌ಕ್ರುಮಾ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅಲ್ಲಿ ಇತಿಹಾಸ ಗ್ರಂಥಗಳ ಜೊತೆಗೆ ವಾದ್ಯಕ್ಕೂ ಕುಣಿತಕ್ಕೂ ಪಾಠದ ಗೌರವ ದೊರೆಯಿತು. ಇದು ಮನರಂಜನೆಗಾಗಿ ಮಾಡಿದ ಏರ್ಪಾಡೆಂದು ತಿಳಿಯಬಾರದು. ಆ ನಾಡಿನ ಆಕಾನ್ ಜನರ ಅರಮನೆಗಳಲ್ಲಿ ನಗಾರಿಯೇ ಅರಸರ ವಂಶಾವಳಿಯನ್ನು ನುಡಿಯುತ್ತದೆ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಡಿಯಾಟನ ವೃತ್ತಾಂತವನ್ನು ಉಳಿಸಿಕೊಂಡು ಬಂದವರು ತಲೆತಲಾಂತರದಿಂದ ಹಾಡುವ ಗಾಯಕ ಮನೆತನದವರು. ಬರಹದಲ್ಲಿ ದೊರೆಯದ ಚರಿತ್ರೆ ಬಾಯಲ್ಲಿ ಬದುಕಿರುತ್ತದೆ.

ಹಾಗೆಂದು ಬಾಯಿಮಾತೆಲ್ಲ ಚರಿತ್ರೆಯಾಗದು. ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವಾನ್ಸಿನಾ ಅವರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೌಖಿಕ ಪರಂಪರೆಯನ್ನು ಒರೆಗೆ ಹಚ್ಚುವ ಕ್ರಮವನ್ನು ವಿವರಿಸಿದರು. ಹೇಳುವವನು ಯಾರು, ಅವನು ಯಾರಿಂದ ಕೇಳಿದ, ಹೀಗೆ ಹೇಳುವುದರಿಂದ ಯಾರಿಗೆ ಲಾಭ, ಬೇರೆ ಪಾಠಗಳು ಏನು ಹೇಳುತ್ತವೆ ಎಂದು ವಿಚಾರಿಸಬೇಕು. ಯುನೆಸ್ಕೊ 1964ರಲ್ಲಿ ಕೈಗೊಂಡ ಆಫ್ರಿಕಾದ ಸಾಮಾನ್ಯ ಇತಿಹಾಸದ ಎಂಟು ಸಂಪುಟಗಳ ಯೋಜನೆಯೂ ಇಂಥ ಪರಂಪರೆಯನ್ನು ಆಧಾರವೆಂದು ಮನ್ನಿಸಿತು.

ಈ ವಿದ್ಯೆಯ ಅಗತ್ಯ ನಮಗಿಲ್ಲವೇ? 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಂಪನಿ ಸರಕಾರದ ಕಾಗದಗಳಿಗೆ ರಾಯಣ್ಣ ಬಂಡುಕೋರ. ಲಾವಣಿಕಾರರ ಬಾಯಲ್ಲಿ ಅವನು ನಾಡಿನ ಮಗ. ಅವನ ಸಂಗಡಿಗರಲ್ಲಿ ಗಜವೀರನೆಂಬ ಒಬ್ಬನನ್ನು ನಮ್ಮ ಜನ ನೆನೆಯುತ್ತಾರೆ. ಅವನು ಸಿದ್ದಿ ಕುಲದವನೆಂದು ಹೇಳಿಕೆಯಿದೆ. ಕಿತ್ತೂರು ಸೀಮೆಯ ಕಥೆಯೊಳಗೆ ಆಫ್ರಿಕಾದ ಹೆಸರು ಹೀಗೆ ತಾನಾಗಿ ಸೇರಿಕೊಂಡಿದೆ.

ಯಾರು ಈ ಸಿದ್ದಿಯರು? ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿಯೂ ನಮ್ಮದೇ ಜಿಲ್ಲೆಯ ಖಾನಾಪುರ, ನೆರೆಯ ಕಲಘಟಗಿಗಳ ಕಾಡಂಚಿನಲ್ಲಿಯೂ ನೆಲೆಸಿರುವ, ಆಫ್ರಿಕಾ ಮೂಲದ ಕನ್ನಡ ನಾಡಿನ ಜನ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಈ ಕಾಡುಗಳಿಗೆ ಬಂದರೆಂದು ವಿದ್ವಾಂಸರು ಹೇಳುತ್ತಾರೆ. ಹೈದರಾಬಾದಿನ ಜೀವವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿಗಳ ಅಧ್ಯಯನವು ಅವರಲ್ಲಿ ಬಾಂಟು ಮೂಲವನ್ನು ಗುರುತಿಸಿ ಈ ಮಾತಿಗೆ ಬೆಂಬಲ ನೀಡಿತು.

ಆಫ್ರಿಕಾದಿಂದ ಬಂದವರೆಲ್ಲರ ಪಾಡೂ ಒಂದೇ ಆಗಿರಲಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟಗೊಂಡ ಮಲಿಕ್ ಅಂಬರ್ ಅಹಮದನಗರದ ರಾಜ್ಯಭಾರವನ್ನೇ ಕೈಯಲ್ಲಿ ಹಿಡಿದು 1626ರಲ್ಲಿ ತೀರಿಕೊಂಡ. ವಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಪ್ರಧಾನಿಯಾಗಿದ್ದ. ದರಬಾರಿನ ಹಬ್ಶಿಯ ಚಿತ್ರ ಉಳಿಯಿತು, ಹೆಸರು ಉಳಿಯಿತು. ಕಾಡು ಸೇರಿದ ಸಿದ್ದಿಯ ಹೆಸರನ್ನು ಬರೆದಿಟ್ಟವರಾರು?

ಅವರ ಚರಿತ್ರೆಯನ್ನು ಬೇರೆಡೆ ಅರಸಬೇಕಾಗುತ್ತದೆ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಯ ನಾಲ್ಕು ಮೂಲೆಗಳಲ್ಲಿ ‘ಫೂಲ’ ಎಂಬ ಮಡಿಕೆಯ ತುಂಡನ್ನಿಡುತ್ತಾರೆ. ಅದಿಲ್ಲದೆ ಕೌದಿ ಪೂರ್ಣವಾಗದೆಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಆಫ್ರಿಕಾದ ಕಲಾಭಿರುಚಿಯೊಡನೆ ಹೋಲಿಸಿ ನೋಡಿದ್ದಾರೆ. ಆದರೆ ಕೌದಿ ನೇಸರಗಿಯ ಅಜ್ಜಿಯಂದಿರಿಗೂ ಗೊತ್ತು! ಯಾವುದು ಸಮುದ್ರ ದಾಟಿ ಬಂದದ್ದು, ಯಾವುದು ನೆರೆಯವರಿಂದ ಕಲಿತದ್ದು ಎಂಬುದನ್ನು ಎರಡನ್ನೂ ಬಲ್ಲವರು ಮಾತ್ರ ಬಿಡಿಸಿ ಹೇಳಬಲ್ಲರು. ಕುಣಿತದ ಹೆಸರುಗಳೂ ಹೀಗೆಯೇ. ಗುಜರಾತಿನ ಸಿದ್ದಿಯರ ‘ಗೋಮ’ ಎಂಬ ಹೆಸರಿನ ಮೂಲ ಸ್ವಾಹಿಲಿಯ ‘ಎಂಗೋಮ’, ಎಂದರೆ ನಗಾರಿ. ನಮ್ಮ ಸಿದ್ದಿಯರ ‘ಡಮಾಮಿ’ಯಾದರೋ ಪಾರಸಿಯ ‘ದಮಾಮ’ ಎಂಬ ವಾದ್ಯವನ್ನು ನೆನಪಿಗೆ ತರುತ್ತದೆ.

ಇಂಥ ಅಧ್ಯಯನ ಪಂಡಿತರ ವಿನೋದಕ್ಕೆ ಸೀಮಿತವಲ್ಲ. ನೂರಾರು ವರ್ಷಗಳಿಂದ ಈ ಮಣ್ಣಿನಲ್ಲಿ ದುಡಿದು ಕನ್ನಡ, ಕೊಂಕಣಿ ಆಡುವವನನ್ನು ನಮ್ಮ ಪೇಟೆಗಳಲ್ಲಿ “ನೀವು ಯಾವ ದೇಶದವರು?” ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿರುವ ಅವರ ಬಂಧುಗಳು ಅದೇ ಮನ್ನಣೆಗಾಗಿ 2020ರ ವರೆಗೆ ಕಾಯಬೇಕಾಯಿತು. ಕುಲವೊಂದೇ, ನಡುವೆ ಜಿಲ್ಲೆಯ ಗಡಿ! ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ತಮ್ಮ ಇರವನ್ನು ಕಾಗದದ ಮೇಲೆ ರುಜುವಾತುಪಡಿಸಬೇಕಾದ ಜನಕ್ಕೆ ಚರಿತ್ರೆಯೆಂಬುದು ಹೊಟ್ಟೆಯ ಮಾತೂ ಆಗಿರುತ್ತದೆ.

ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಯರನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಮುಂದೆ ಘಾನಾ ಮೂಲದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್ ಈ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 2007ರಲ್ಲಿ ಗ್ರಂಥ ಬರೆದರು. ಘಾನಾದವರು ಹಳಿಯಾಳದ ಕಡೆಗೆ ಬಂದು ಕಲಿಯಬಹುದಾದರೆ ಬೈಲಹೊಂಗಲದ ಹುಡುಗಿ ಲೆಗಾನ್‌ಗೆ ಹೋಗಿ ಏಕೆ ಕಲಿಯಬಾರದು? ಆದರೆ ಅವಳು ಒಂದು ಮಾತನ್ನು ನೆನಪಿಡಬೇಕು. ಆಫ್ರಿಕಾ ಐವತ್ತಕ್ಕೂ ಹೆಚ್ಚು ದೇಶಗಳ ಖಂಡ. ಪಶ್ಚಿಮ ತೀರದ ಘಾನಾದಲ್ಲಿ ನಮ್ಮ ಸಿದ್ದಿಯರ ಹಿರಿಯರ ಊರು ಸಿಕ್ಕದು. ಅವರ ಬೇರು ಇರುವುದು ಆ ಖಂಡದ ಪೂರ್ವ ದಿಕ್ಕಿನಲ್ಲಿ. ಘಾನಾದಲ್ಲಿ ದೊರೆಯುವುದು ಕೇಳುವ ಕಿವಿ, ಕೇಳಿದ್ದನ್ನು ತೂಗಿ ನೋಡುವ ಕ್ರಮ. ಹೊರಡುವ ಮುನ್ನ ಅವಳು ಧಾರವಾಡದ ದಾರಿ ಹಿಡಿದು ಹಳಿಯಾಳಕ್ಕೆ ಒಮ್ಮೆ ಹೋಗಿ ಬರಲಿ. ಕಲಿತು ಬಂದ ಮೇಲೆ ಇನ್ನೊಮ್ಮೆ ಹೋಗಲಿ. ಎರಡನೆಯ ಸಲ ಅವಳು ಕೇಳುವ ಪ್ರಶ್ನೆಗಳು ಬೇರೆಯಾಗಿರುತ್ತವೆ. ಅವಳಿಗೆ ದೊರೆಯುವ ಉತ್ತರಗಳೂ ಬೇರೆಯಾಗಿರುತ್ತವೆ.