ಭಯ ಬಿಟ್ಟರೆ ಗೆಳೆತನ

ಅರಸೀಕೆರೆ ಸೀಮೆಯ ತೆಂಗಿನ ತೋಟದ ಒಂಟಿಮನೆಗಳಲ್ಲಿ ಬೆಳೆದ ಕೂಸು, 3 ವರ್ಷ ತುಂಬಿ ಅಂಗನವಾಡಿಗೆ ಬಂದಾಗಲೇ ಓರಗೆಯ ಮಕ್ಕಳ ಗುಂಪನ್ನು ಮೊದಲು ಕಾಣುವುದುಂಟು. ಆಗ ಅದು ತಾಯಿಯ ಸೆರಗು ಹಿಡಿದು ಅಳುವುದು ರೋಗವಲ್ಲ. ಆದರೆ ಗುಮ್ಮನ ಹೆಸರು ಹೇಳಿ ಸುಮ್ಮನಿರಿಸಿದರೆ, ಆ ಭಯವು ಹೊಸ ಮುಖಗಳ ಮೇಲೂ ಹರಡೀತು. ಅಳುವ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರಿನಿಂದ ಹೆದರಿಸಬಾರದೆಂದು ಚರಕಸಂಹಿತೆಯ ಶಾರೀರಸ್ಥಾನವೂ ವಿಧಿಸಿದೆ.

ಬೇಲೂರು ತೇರಿನ ಜನಸಂದಣಿಗಿಂತ ಹಿತ್ತಲಿನ ಒಬ್ಬ ಸಂಗಾತಿಯೇ ಇಂಥ ಮಗುವಿಗೆ ಹಿತ. ನೆರೆಮನೆಯ ಒಂದು ಮಗುವನ್ನು ಕರೆದು, ತೆಂಗಿನ ಚಿಪ್ಪು, ಮರಳು ಕೊಟ್ಟು ಅಡುಗೆಯಾಟಕ್ಕೆ ಕೂರಿಸೋಣ, ಹತ್ತಿರವೇ ಇರೋಣ. ಕಿತ್ತಾಡಿದರೆ ಗದರದೆ ಸರದಿ ಕಲಿಸೋಣ. ಹೆಸರು ಹಿಡಿದು ಕರೆದರೂ ತಿರುಗದ, ಮಾತು ತಡವಾದ ಮಗುವನ್ನು ಮಾತ್ರ ನಾಚಿಕೆಯೆಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು.