ಅನ್ಯರ ಗಂಟು ಹೊತ್ತ ಬೆಪ್ಪ : ಒಂದು ಫ್ರೆಂಚ್ ನಗೆಚಿತ್ರದ ವಿಚಾರ

ಕಳ್ಳಸಾಗಣೆಯು ನಗತಕ್ಕ ವಿಷಯವಲ್ಲವೆಂಬುದು ಸರಿಯಷ್ಟೆ. ಆದರೂ ಅದೇ ವಿಷಯವನ್ನು ಹಿಡಿದು ಫ್ರಾನ್ಸ್ ದೇಶವನ್ನೆಲ್ಲ ನಗಿಸಿದ ಚಿತ್ರವೊಂದುಂಟು. 1965ರ ಮಾರ್ಚಿಯಲ್ಲಿ ತೆರೆಕಂಡ ಅದರ ಹೆಸರು 'ಲ ಕೊರ್ನಿಯೊ'. ಬೆರಕೆ ಜಾತಿಯ ನಾಯಿಯೆಂಬುದು ಆ ಶಬ್ದದ ಒಂದು ಅರ್ಥ. ಆಡುಮಾತಿನಲ್ಲಿ ಬೆಪ್ಪುತಕ್ಕಡಿ ಎಂದಾಗುತ್ತದೆ. ನಿರ್ದೇಶಕರು ಜೆರಾರ್ ಊರಿ. ಬೆಪ್ಪನ ಪಾತ್ರದಲ್ಲಿ ಬೂರ್ವಿಲ್, ಧೂರ್ತನ ಪಾತ್ರದಲ್ಲಿ ಲೂಯಿ ದ ಫ್ಯೂನೆಸ್. ಫ್ರಾನ್ಸೊಂದರಲ್ಲೇ 1 ಕೋಟಿ 10 ಲಕ್ಷಕ್ಕೂ ಮಿಕ್ಕಿ ಟಿಕೆಟುಗಳು ಮಾರಾಟವಾದುವು.

ನಮ್ಮಲ್ಲಿ 1968ರಲ್ಲಿ 'ಜೇಡರ ಬಲೆ' ಬಂದಾಗ ಕಳ್ಳರನ್ನು ಹಿಡಿಯಲು ಸಿ.ಐ.ಡಿ. 999 ಆಗಿ ಸ್ವತಃ ರಾಜಕುಮಾರರೇ ಬರಬೇಕಾಯಿತು. ಈ ಫ್ರೆಂಚ್ ಚಿತ್ರದಲ್ಲಾದರೋ ಪತ್ತೇದಾರನು ನಾಯಕನಲ್ಲ. ರಜೆಯಲ್ಲಿ ಇಟಲಿಯನ್ನು ನೋಡಿಬರಲು ತನ್ನ ಪುಟ್ಟ ಸಿತ್ರೊಯೆನ್ ಕಾರಿನಲ್ಲಿ ಹೊರಟ ಆಂತ್ವಾನ್ ಮಾರೆಶಾಲ್ ಎಂಬ ಸಾಮಾನ್ಯ ಮನುಷ್ಯನೇ ನಾಯಕ. ಪ್ಯಾರಿಸ್ ದಾಟುವುದರೊಳಗೆ ಸರೊಯಾನ್ ಎಂಬ ಸಿರಿವಂತನ ಭಾರಿ ಕಾರು ಬಂದು ಗುದ್ದುತ್ತದೆ. ಸಿತ್ರೊಯೆನ್ ಬಿಡಿಬಿಡಿಯಾಗಿ ನೆಲಕ್ಕುದುರಿ, ಮಾರೆಶಾಲನ ಕೈಯಲ್ಲಿ ಸ್ಟಿಯರಿಂಗ್ ಚಕ್ರವೊಂದೇ ಉಳಿಯುತ್ತದೆ.

ಸರೊಯಾನ್ ಬಲು ಉದಾರಿ! ನೇಪಲ್ಸಿನವರೆಗೆ ವಿಮಾನದ ಟಿಕೇಟು ಕೊಡುತ್ತಾನೆ. ಅಲ್ಲಿಂದ ಒಂದು ಕ್ಯಾಡಿಲಾಕ್ ಕಾರನ್ನು ಬೋರ್ದೊ ನಗರಕ್ಕೆ ಮುಟ್ಟಿಸಿದರೆ ಸಾಕೆನ್ನುತ್ತಾನೆ. ಆ ಕಾರಿನ ಒಳಗೆ ಬಂಗಾರ, ಮಾದಕದ್ರವ್ಯ, ಕದ್ದ ವಜ್ರಗಳು ಅಡಗಿವೆಯೆಂಬುದು ಬಡಪಾಯಿಗೆ ತಿಳಿಯದು. ತನ್ನ ಸಂಪತ್ತು ಏನಾಗುವುದೋ ಎಂದು ಸರೊಯಾನ್ ಹಿಂದಿನಿಂದ ಬರುತ್ತಾನೆ. ಇನ್ನೊಂದು ಕಳ್ಳರ ತಂಡವೂ ಬೆನ್ನು ಹತ್ತುತ್ತದೆ. ಹೊರೆ ಹೊತ್ತವನು ಹಾಯಾಗಿ ಊರು ನೋಡುತ್ತಿರಲು, ಹೊರಿಸಿದವನಿಗೆ ನಿದ್ರೆಯಿಲ್ಲ. ಒಂದೆಡೆಯಂತೂ ಯಜಮಾನನೇ ಗ್ಯಾರೇಜಿನ ಮಿಸ್ತ್ರಿಯಂತೆ, ಮಾತಿಲ್ಲದೆ, ಸಂಗೀತದ ತಾಳಕ್ಕೆ ಸರಿಯಾಗಿ ಆ ಕಾರನ್ನು ದುರಸ್ತಿ ಮಾಡಬೇಕಾಗುತ್ತದೆ. ಭಾಷೆ ಬಾರದವನಿಗೂ ನಗೆ ಬರಿಸತಕ್ಕ ದೃಶ್ಯವದು. ಕಡೆಗೆ ತನ್ನನ್ನು ಕತ್ತೆಯನ್ನಾಗಿ ಮಾಡಿದ್ದಾರೆಂದು ತಿಳಿದ ಬೆಪ್ಪನು ಧೂರ್ತನಿಗೇ ಚಳ್ಳೆಹಣ್ಣು ತಿನ್ನಿಸುತ್ತಾನೆ.

ಈ ಕಥೆಯು ಬರಿಯ ಕಲ್ಪನೆಯಲ್ಲ. 1962ರ ಜನವರಿಯಲ್ಲಿ ಝಾಕ್ ಆಂಜೆಲ್ವಾ ಎಂಬ ಫ್ರೆಂಚ್ ಟೆಲಿವಿಷನ್ ನಿರೂಪಕನನ್ನು ನ್ಯೂಯಾರ್ಕಿನಲ್ಲಿ ಬಂಧಿಸಿದರು. ಆತನು ಹಡಗಿನಲ್ಲಿ ತಂದಿದ್ದ ಬ್ಯೂಕ್ ಕಾರಿನಲ್ಲಿ ಹೆರಾಯಿನ್ ಸಾಗಿಬಂದಿತ್ತು. ಆತನಿಗೆ ಸೆರೆಮನೆಯಾಯಿತು. ಸಾಗಿಸುವವನಿಗೆ ಏನೂ ಅರಿವಿಲ್ಲದಿದ್ದರೆ ಹೇಗೆ? ಇದೇ ಊರಿಯವರ ಚಿತ್ರಕ್ಕೆ ಬೀಜ. ಅದೇ ಪ್ರಕರಣದಿಂದ ಹುಟ್ಟಿದ ಅಮೇರಿಕನ್ ಚಿತ್ರ, 1971ರ 'ದಿ ಫ್ರೆಂಚ್ ಕನೆಕ್ಷನ್'. ಅದರಲ್ಲಿ ನಗುವಿಲ್ಲ.

ನಮಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಠಾಣೆ, ಪನವೇಲುಗಳಿಂದ ಕೊಂಕಣ ರೈಲಿನಲ್ಲಿ ಉಡುಪಿ, ಮಂಗಳೂರಿಗೂ, ಕಲ್ಯಾಣದಿಂದ ಸೋಲಾಪುರದ ಮಾರ್ಗವಾಗಿ ಕಲಬುರಗಿಗೂ ಹೋಗಿಬರುವ ಬಂಧುಗಳು ನಾವು. ಊರಿಗೆ ಹೊರಟವನ ಕೈಯಲ್ಲಿ ತಾಯಿಗೊಂದು ಸೀರೆ, ತಂಗಿಗೊಂದು ಔಷಧಿ ಕೊಟ್ಟು ಕಳುಹುವುದು ನಮ್ಮ ಹಳೆಯ ಪರಿಪಾಠ. ಅದು ಪ್ರೀತಿಯ ಹೊರೆ. ಆದರೆ ಹೋಟೆಲಿಗೆ ನಾಲ್ಕು ದಿನ ಚಹಾಕ್ಕೆ ಬಂದು, "ಅಣ್ಣಾ, ಇದೊಂದು ಪೊಟ್ಟಣ ತಲುಪಿಸಿಬಿಡು, ಸ್ಟೇಶನಿಗೆ ನಮ್ಮವರು ಬರುತ್ತಾರೆ" ಎನ್ನುವವನ ಗಂಟು ಬೇರೆ. ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೊರಟ ತರುಣರು ಇದನ್ನು ಇನ್ನಷ್ಟು ಲಕ್ಷ್ಯದಲ್ಲಿಡಬೇಕು.

ಕಾಯಿದೆಗೆ ಸಿನೆಮಾದ ದಯೆಯಿಲ್ಲ. 1985ರ ಮಾದಕದ್ರವ್ಯ ಕಾಯಿದೆಯ 35ನೆಯ ಕಲಮಿನಂತೆ, ಆರೋಪಿಯು ತಿಳಿದೇ ಮಾಡಿದನೆಂದು ನ್ಯಾಯಾಲಯವು ಭಾವಿಸಿಕೊಳ್ಳುತ್ತದೆ. ತಿಳಿದಿರಲಿಲ್ಲವೆಂಬುದನ್ನು ಆತನೇ ಸಿದ್ಧಪಡಿಸಬೇಕು. 250 ಗ್ರಾಮಿಗಿಂತ ಹೆಚ್ಚು ಹೆರಾಯಿನ್ ಇದ್ದರೆ 10 ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಶಿಕ್ಷೆ. 250 ಗ್ರಾಂ ಎಂದರೆ ಕಾಲು ಕಿಲೋ. ನಮ್ಮ ಹೋಟೆಲುಗಳಲ್ಲಿ ಕಟ್ಟುವ ಒಂದು ಸಣ್ಣ ಮಿಠಾಯಿ ಪೊಟ್ಟಣದ ತೂಕ!

ಇಂತಹ ಗಂಡಾಂತರಕ್ಕೆ ದುರಾಸೆಯೊಂದೇ ಕಾರಣವಲ್ಲ, ದಾಕ್ಷಿಣ್ಯವೂ ಕಾರಣ. ದಾಕ್ಷಿಣ್ಯಕ್ಕೆ ಬಸಿರಾದ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಆದುದರಿಂದ ಕೊಡುವವನ ಎದುರಿನಲ್ಲೇ ಗಂಟನ್ನು ಬಿಚ್ಚಿಸಿ ನೋಡಬೇಕು. ಪ್ರಾಮಾಣಿಕನಾದವನು ಅದಕ್ಕೆ ಬೇಸರಪಡಲಾರನು. ಬಿಚ್ಚಲೊಲ್ಲೆನೆಂದರೆ ನಾವು ಹೊರಲೊಲ್ಲೆವೆನ್ನಬೇಕು.

ಚಿತ್ರವನ್ನು ಕಾಣುವ ಸಂದರ್ಭ ದೊರೆತರೆ ಬಂಧುಗಳು ತಪ್ಪದೆ ಕಂಡು, ಹೊಟ್ಟೆ ಹುಣ್ಣಾಗುವಂತೆ ನಗಲಿ. ಬೂರ್ವಿಲ್‌ನ ಮುಗ್ಧತೆ ಮನಸ್ಸಿಗೆ ಹಿಡಿಸುವಂತಹದು. ಆದರೆ ಆತನನ್ನು ಕಾಪಾಡಲು ಕಥೆ ಬರೆದವರಿದ್ದರು. ನಮ್ಮನ್ನು ಕಾಪಾಡಿಕೊಳ್ಳಬೇಕಾದವರು ನಾವೇ.